ಪ್ರಸಾದದ ತಟ್ಟೆಯಲ್ಲಿ ಬಿಳಿ ಮಾತ್ರೆ

ಶಿವಯೋಗಪ್ಪನವರ ರಿಪೋರ್ಟು ಅವರ ಮನೆಯಲ್ಲಿ ಇರಲಿಲ್ಲ. ಅವರ ಮನೆ ಇರುವುದು ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ರಿಪೋರ್ಟು ಇದ್ದದ್ದು ಕಲ್ಯಾಣದುರ್ಗದಲ್ಲಿ, ಹೆಂಡತಿಯ ತಮ್ಮ ತಿಪ್ಪೇಶನ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ, ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗಗಳ ಕೆಳಗೆ. ಅದನ್ನು ಅಲ್ಲಿಟ್ಟು ಬಂದು ಏಳು ತಿಂಗಳಾಗಿತ್ತು.

ಹಿಂದೂಪುರದಲ್ಲಿ ರಕ್ತ ಕೊಟ್ಟರೆ ಸಂಜೆಯೊಳಗೆ ಮಾರುಕಟ್ಟೆಗೆಲ್ಲ ಗೊತ್ತಾಗುತ್ತದೆಂದು ಅವರು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿದ್ದರು. ಮನೆಯಲ್ಲಿ ಹೇಳಿದ್ದು ತಿಪ್ಪೇಶನನ್ನು ನೋಡಿಕೊಂಡು ಬರುತ್ತೇನೆ ಅಂತ. ಅಲ್ಲಿಯ ಡಾಕ್ಟರು ಕಾಗದ ನೋಡಿ, ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದುಹಾಕಿದೆ, ಎರಡೂ ಸೇರಿ ಕಾಲುಭಾಗದ ಕೆಲಸವನ್ನೂ ಮಾಡುತ್ತಿಲ್ಲ ಎಂದು ತೆಲುಗಿನಲ್ಲಿ ಹೇಳಿದರು. ತಿಂಗಳಿಗೊಮ್ಮೆ ಬರಬೇಕು, ಊಟದ ಪಟ್ಟಿ ಕೊಡುತ್ತೇನೆ, ಅದರಂತೆ ತಿನ್ನಬೇಕು. ನನ್ನನ್ನು ಕೇಳದೆ ಯಾವ ಮಾತ್ರೆಯನ್ನೂ ನುಂಗಬೇಡಿ, ಹೊಟ್ಟೆಗೆ ಕುಡಿಯುವ ಸಿರಪ್ಪನ್ನು ಕೂಡ. ಶಿವಯೋಗಪ್ಪನವರು ತಲೆಯಾಡಿಸಿದರು. ಗಿರಣಿಗೆ ಬಂದು, ಹಿಟ್ಟಿನ ಧೂಳಿನಲ್ಲಿ ರೆಪ್ಪೆಯೂ ಬೆಳ್ಳಗಾಗಿದ್ದ ತಿಪ್ಪೇಶನ ಕೈಯನ್ನು ಅವನ ಕೊರಳಿನ ಲಿಂಗದ ಕಾಯಿಯ ಮೇಲೆ ಇಡಿಸಿದರು.

"ಶಿವಲೀಲನ ಮದ್ವೆ ಆಗ್ಲಿ ಕಣಯ್ಯ. ಆಮೇಲೆ ನಾನೇ ಹೇಳ್ತೀನಿ. ಅಲ್ಲೀಗಂಟ ನಿನ್ನ ಬಾಯಿಂದ ಬರ್ಬಾರ್ದು."

ಶಿವಲೀಲಾ ಅವರ ಮೊಮ್ಮಗಳು, ಮಗ ಅಮರೇಶನ ಮಗಳು. ಹುಡುಗ ಕಲ್ಯಾಣದುರ್ಗದವನೇ, ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವವನು. ಸಂಬಂಧ ಹುಡುಕಿದವನು ತಿಪ್ಪೇಶ. ಮಾತು ಮುಕ್ಕಾಲು ಆಗಿತ್ತು. ಕಾರ್ತೀಕ ಕಳೆದ ಮೇಲೆ ದಿನ ಇಡುವುದೆಂದಿತ್ತು. ರೋಗದ ಮನೆ ಎಂಬ ಹೆಸರು ಬಂದರೆ ಆ ಮುಕ್ಕಾಲು ಉಳಿಯುವುದಿಲ್ಲವೆಂದು ಶಿವಯೋಗಪ್ಪನವರು ತಾವೇ ತೀರ್ಮಾನಿಸಿದ್ದರು. ಯಾರನ್ನೂ ಕೇಳಿರಲಿಲ್ಲ.

ಶ್ರಾವಣದ ಎರಡನೇ ವಾರ ಬಿದ್ದದ್ದು ಅವರಲ್ಲ, ಅವರ ಹೆಂಡತಿ ಗುರುಶಾಂತಮ್ಮ.

ಆಕೆಗೆ ವರ್ಷದಿಂದ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬೆರಳು ಜುಮ್ಮೆನ್ನುತ್ತಿತ್ತು, ನಿದ್ದೆ ಇರಲಿಲ್ಲ. ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದರು. ಆ ದಿನ ಬೆಳಿಗ್ಗೆ ಹಾಲು ಇಳಿಸುವಾಗ ಎದೆ ಡವಡವ ಬಡಿದುಕೊಂಡು, ಕೈಯ ಬೆರಳೆಲ್ಲ ಒಳಕ್ಕೆ ಮುರುಟಿಕೊಂಡು, ಒಲೆಯ ಕಟ್ಟೆಗೆ ಒರಗಿ ಕುಸಿದರು. ಸೊಸೆ ಸ್ನೇಹಲತಾ ಹಿಡಿದುಕೊಳ್ಳದಿದ್ದರೆ ಹಾಲು ಮೈಮೇಲೆ ಸುರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಮೆಗ್ನೀಷಿಯಂ ತೀರಾ ಕಡಿಮೆ ಇದೆ ಎಂದಳು. ಏನೇನು ತಿನ್ನುತ್ತೀರಿ ಎಂದು ಬೆಳಗಿನಿಂದ ರಾತ್ರಿಯವರೆಗೆ ಕೇಳಿದಳು. ಬಿಳಿ ಅಕ್ಕಿಯ ಅನ್ನ, ತಿಳಿಸಾರು, ಬನ್ನು, ಕಾಫಿ. ಕುಡಿಯುವುದಕ್ಕೂ ಅಡುಗೆಗೂ ಕ್ಯಾನ್ ನೀರು. ಆ ನೀರಿಗೆ ಕಾರಣವಿತ್ತು. ಗುರುಶಾಂತಮ್ಮನ ತಾಯಿ ಕಲ್ಯಾಣದುರ್ಗದ ಕಡೆಯ ಬೋರಿನ ನೀರು ಕುಡಿದೇ ಬೆನ್ನು ಬಾಗಿ, ಕೊನೆಯ ಎಂಟು ವರ್ಷ ನೆಲವನ್ನಷ್ಟೇ ನೋಡುತ್ತಾ ಓಡಾಡಿದವಳು. ಕ್ಯಾನ್ ನೀರು ಬಿಡಬೇಡಿ, ಫ್ಲೋರೈಡಿಗೆ ಅದೇ ಸರಿ ಎಂದಳು ಡಾಕ್ಟರಮ್ಮ. ಆದರೆ ಕೆಟ್ಟದ್ದನ್ನು ತೆಗೆಯುವಾಗ ಒಳ್ಳೆಯದೂ ಹೋಗುತ್ತೆ, ಅದನ್ನು ಊಟದಲ್ಲಿ ತುಂಬಿಸಬೇಕು. ಆಮೇಲೆ ಗ್ಯಾಸ್ ಮಾತ್ರೆಯ ವಿಷಯ ಬಂತು. ಒಂದು ತಿಂಗಳಿಗೆಂದು ಯಾರೋ ಬರೆದುಕೊಟ್ಟದ್ದನ್ನು ಗುರುಶಾಂತಮ್ಮ ಒಂಬತ್ತು ವರ್ಷ ಕಾಫಿಗೆ ಮುಂಚೆ ದಿನಾ ನುಂಗಿದ್ದರು.

"ಅದೇ ಅರ್ಧ ಹಾಳು ಮಾಡಿದ್ದು," ಎಂದಳು ಡಾಕ್ಟರಮ್ಮ.

ಗ್ಯಾಸ್ ಮಾತ್ರೆ ನಿಂತಿತು. ದಿನಕ್ಕೊಂದು ಬಿಳಿ ಮಾತ್ರೆ ಬಂತು. ರಾಗಿ, ನವಣೆ, ಸೊಪ್ಪು, ಕಡಲೆಕಾಯಿ ತಿನ್ನಿ; ಮೊದಲಿಂದಲೂ ಹೀಗೆ ತಿಂದಿದ್ದರೆ ಸಕ್ಕರೆ, ಬಿಪಿ, ಹೃದಯದ ಕಾಯಿಲೆ ಎಷ್ಟೋ ಜನಕ್ಕೆ ಬರುತ್ತಲೇ ಇರಲಿಲ್ಲ ಎಂದಳು. ಬಾರದಂತೆ ಕಾಯುತ್ತೆ, ಬಂದದ್ದನ್ನು ವಾಸಿ ಮಾಡಲ್ಲ ಎಂದೂ ಹೇಳಿದಳು. ಮಾತ್ರೆ ನಿಮಗೆ ಮಾತ್ರ ಎಂದೂ ಹೇಳಿದಳು. ಗುರುಶಾಂತಮ್ಮನ ಮನಸ್ಸಿನಲ್ಲಿ ನಿಂತದ್ದು ಮೊದಲಿನ ಮಾತು.

ಮೂರು ವಾರದಲ್ಲಿ ಕಾಲಿನ ಸೆಳೆತ ಹೋಯಿತು. ಆಕೆ ಮಲಗಿದರೆ ಬೆಳಗಾಗುವವರೆಗೆ ಏಳುತ್ತಿರಲಿಲ್ಲ. ಎದ್ದವರೇ ಅಡುಗೆಮನೆಯನ್ನು ತಲೆಕೆಳಗು ಮಾಡಿದರು. ಅರ್ಧ ಮೂಟೆ ಸೋನಾ ಮಸೂರಿ ಪಾತ್ರೆ ತೊಳೆಯುವ ಮುನಿಯಕ್ಕನ ಪಾಲಾಯಿತು. ಕಲ್ಯಾಣದುರ್ಗದಿಂದ ತಿಪ್ಪೇಶ ರಾಗಿ ಹಿಟ್ಟನ್ನೂ ನವಣೆಯನ್ನೂ ಬಸ್ಸಿಗೆ ಹಾಕಿ ಕಳಿಸಿದ. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ನವಣೆ ಅನ್ನಕ್ಕೆ ದಂಟುಸೊಪ್ಪಿನ ಸಾರು, ರಾತ್ರಿ ಮುದ್ದೆಗೆ ಕಡಲೆಕಾಯಿ ಚಟ್ನಿ, ಮಲಗುವ ಮುಂಚೆ ಒಂದು ಬಾಳೆಹಣ್ಣು.

ಅಮರೇಶ ಹುಣಸೆಹಣ್ಣಿನ ಮಂಡಿಯಿಂದ ಊಟಕ್ಕೆ ಬಂದವನು ತಟ್ಟೆಯನ್ನೇ ನೋಡುತ್ತಾ ಕೂತ.

"ಏನಮ್ಮ ಇದು? ಗುಬ್ಬಚ್ಚಿಗೆ ಹಾಕ್ದಂಗೈತೆ."

"ಗುಬ್ಬಚ್ಚಿಗೆ ಶುಗರ್ ಬರೋದನ್ನ ನೋಡಿದ್ಯಾ? ತಿನ್ನು."

"ಬೀಗ್ರು ಬಂದಾಗ್ಲೂ ಇದನ್ನೇ ಬಡಿಸ್ತೀಯಾ?"

"ಅವ್ರೇನು ಆಕಾಶದಿಂದ ಇಳಿದವ್ರಾ? ಅವ್ರ ತಾತ ನಮ್ಮಪ್ಪ ಒಂದೇ ಕಣದಲ್ಲಿ ಇದೇ ನವಣೆ ಬಡಿದವ್ರು ಕಣ್ಲಾ."

ಅಮರೇಶ ಎರಡು ದಿನ ಹೋಟೆಲಿನಲ್ಲಿ ಉಂಡ. ಸ್ನೇಹಲತಾ ಒಂದು ವಾರ ಎರಡು ಅಡುಗೆ ಮಾಡಿದಳು. ನವಣೆಯಲ್ಲಿ ಕಲ್ಲು ಆರಿಸಿ ಆರಿಸಿ ಕಣ್ಣು ಉರಿಯುತ್ತಿತ್ತು. ಒಂದು ಮಧ್ಯಾಹ್ನ ಮೊರವನ್ನು ನೆಲಕ್ಕಿಟ್ಟು, ಅತ್ತೆ ಬಿದ್ದಾಗ ನಾನೇ ಹಿಡಿದೆ, ನಾನು ಬಿದ್ದರೆ ಯಾರು ಹಿಡಿಯುತ್ತಾರೆ ಎಂದು ಕೇಳಿದಳು. ಗುರುಶಾಂತಮ್ಮ ಮೊರವನ್ನು ತಮ್ಮ ಮಡಿಲಿಗೆಳೆದುಕೊಂಡರು. ಅಂದಿನಿಂದ ಕಲ್ಲು ಆರಿಸುವುದು ಆಕೆಯ ಕೆಲಸವಾಯಿತು, ಎಲ್ಲರಿಗೂ ಒಂದೇ ಅಡುಗೆಯಾಯಿತು.

ಈ ಗಲಾಟೆಯಲ್ಲಿ ಒಂದು ಮಾತೂ ಆಡದವರು ಶಿವಯೋಗಪ್ಪನವರು. ಕಲ್ಯಾಣದುರ್ಗದ ಡಾಕ್ಟರು ಕೊಟ್ಟ ಊಟದ ಪಟ್ಟಿಯಲ್ಲಿ ಬೇಡವೆಂದು ಗೀಟು ಎಳೆದಿದ್ದದ್ದು ಸೊಪ್ಪು, ಕಡಲೆಕಾಯಿ, ಬಾಳೆಹಣ್ಣು, ರಾಗಿ. ಹೆಂಡತಿಯನ್ನು ಎಬ್ಬಿಸಿ ಕೂರಿಸಿದ್ದೆಲ್ಲ ಅವರಿಗೆ ಬೇಡವಾದದ್ದೇ. ಪಟ್ಟಿಯೂ ಟ್ರಂಕಿನಲ್ಲಿತ್ತು. ಅವರು ಹಾಕಿದ್ದನ್ನು ಉಂಡು, ತಟ್ಟೆಗೆ ನೀರು ಸುರಿದು ಬೆರಳಲ್ಲಿ ತೊಳೆದು ಆ ನೀರನ್ನೂ ಕುಡಿದು ಏಳುತ್ತಿದ್ದರು. ಆ ಮನೆಯಲ್ಲಿ ಅನ್ನವೆಂದರೆ ಪ್ರಸಾದ; ಒಂದಗುಳು ಬಿಡುವಂತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಗುರುಶಾಂತಮ್ಮ ತಟ್ಟೆಯಲ್ಲಿ ಒಂದು ತುತ್ತು ಬಿಟ್ಟಾಗ, ಬಂದದ್ದನ್ನು ಬೇಡ ಅನ್ನಬಾರದು ಎಂದು ಕಲಿಸಿದವರು ಅವರೇ.

ಭಾದ್ರಪದದಲ್ಲಿ ಗುರುಶಾಂತಮ್ಮನಿಗೆ ಗಂಡನ ಮುಖ ಊದಿದಂತೆ ಕಂಡಿತು. ಅವರೂ ಸರಿಯಾಗಿ ಮಲಗುತ್ತಿರಲಿಲ್ಲ, ಮೈ ಕೆರೆದುಕೊಳ್ಳುತ್ತಿದ್ದರು, ಕಾಲು ಸೆಳೆಯುತ್ತೆ ಅನ್ನುತ್ತಿದ್ದರು. ಇದೆಲ್ಲ ತನಗೆ ಇದ್ದದ್ದೇ ಅಲ್ಲವೇ ಎಂದುಕೊಂಡರು ಆಕೆ. ಸ್ನೇಹಲತಾ ಮೆಡಿಕಲ್ ಶಾಪಿನಿಂದ ಇನ್ನೂ ಎರಡು ಸ್ಟ್ರಿಪ್ ತಂದಳು. ಅಂಗಡಿಯ ಶ್ರೀರಾಮುಲು ಯಾರಿಗೆಂದು ಕೇಳಲಿಲ್ಲ. ಬರೀ ಸತ್ತುವ ಮಾತ್ರೆ, ಮೈಗೆ ಶಕ್ತಿ ಕೊಡೋದು, ಏಮೀ ಕಾದು, ಏನೂ ಆಗಲ್ಲ ಎಂದ.

ಶಿವಲೀಲಾ ಮಾತ್ರ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹಾಕಿ ಓದಿದಳು. ಅವಳು ಈ ಅಜ್ಜಿಯ ಕಥೆ ಕೇಳಿ ಬೆಳೆದ ಹುಡುಗಿ. ರಾಕ್ಷಸನ ಜೀವ ಏಳು ಕೆರೆಯಾಚೆ, ಏಳು ಬಾಗಿಲಿನ ಒಳಗೆ, ಗಿಳಿಯ ಕೊರಳಲ್ಲಿ ಇರುತ್ತದೆಂದು ನಂಬಿ, ಗಿಳಿಯ ಪಂಜರವಿದ್ದ ಮನೆಯ ಮುಂದೆ ಓಡಿ ದಾಟುತ್ತಿದ್ದವಳು. ಓದಿದ್ದರಲ್ಲಿ ಒಳ್ಳೆಯದೇ ತುಂಬಾ ಇತ್ತು, ಕೊನೆಯಲ್ಲಿ ಒಂದು ಸಾಲು ಬೇರೆಯಿತ್ತು. ಅವಳು ಮೊಬೈಲು ಹಿಡಿದುಕೊಂಡೇ ಪಡಸಾಲೆಗೆ ಬಂದಳು.

"ತಾತ, ಕಿಡ್ನಿ ಸರಿಯಿಲ್ದವ್ರು ಇದನ್ನ ತಗೋಬಾರ್ದಂತೆ. ನಿಂದು ಚೆನ್ನಾಗೈತಾ?"

ಶಿವಯೋಗಪ್ಪನವರು ಪೇಪರಿನಿಂದ ತಲೆ ಎತ್ತಿದರು. ಸೊಸೆ ಬಾಗಿಲಲ್ಲಿ ನಿಂತಿದ್ದಳು, ಹೆಂಡತಿ ಸೊಪ್ಪು ಬಿಡಿಸುತ್ತಿದ್ದರು. ಮೊಮ್ಮಗಳ ಕೈಯಲ್ಲಿ ಹಿಂದಿನ ದಿನ ಕಲ್ಯಾಣದುರ್ಗದ ಗಂಡಿನ ಮನೆಯಿಂದ ಬಂದಿದ್ದ ಸೀರೆಯ ಫೋಟೋ ನೋಡಿದ ಅದೇ ಮೊಬೈಲಿತ್ತು.

"ಬಂಡೆ ಇದ್ದಂಗೈತೆ ಕಣಮ್ಮ," ಎಂದರು. "ಯಾಕೆ, ಮುದುಕನ್ನ ತೂಕಕ್ಕೆ ಹಾಕ್ತೀಯಾ?"

ಎಲ್ಲರೂ ನಕ್ಕರು.

ಆದರೂ ಮೊದಲ ದಿನ ಮಾತ್ರೆಯನ್ನು ಕೈಗೆ ಕೊಟ್ಟಾಗ ಅವರು ಕಿಟಕಿಯ ಮೇಲಿಟ್ಟರು. ಎರಡನೇ ದಿನವೂ ಹಾಗೇ. ಗುರುಶಾಂತಮ್ಮ ಎರಡೂ ಮಾತ್ರೆಗಳನ್ನು ಅಲ್ಲಿಂದ ತೆಗೆದುಕೊಂಡರು, ಜಗಳವಾಡಲಿಲ್ಲ. ಮೂರನೇ ದಿನ ಲಿಂಗಪೂಜೆ ಮುಗಿಸಿ, ಪ್ರಸಾದದ ತಟ್ಟೆ ಹಿಡಿದು ಬಂದರು. ಒಂದು ಒಣದ್ರಾಕ್ಷಿ, ಕೊಬ್ಬರಿಯ ಚೂರು, ಅದರ ಪಕ್ಕದಲ್ಲಿ ಬಿಳಿ ಮಾತ್ರೆ. ಮಾತ್ರೆಗೂ ಒಂದು ಎಸಳು ಪತ್ರೆ ಏರಿಸಿದ್ದರು.

ಶಿವಯೋಗಪ್ಪನವರು ತಟ್ಟೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ಇದು ಯಾವ ಸೀಮೆ ಪ್ರಸಾದನೇ?"

"ನೀವೇ ಅಲ್ವ್ರಾ ಕಲ್ಸಿದ್ದು, ಬಂದಿದ್ದನ್ನ ಬ್ಯಾಡ ಅನ್ಬಾರ್ದು ಅಂತ."

ಅವರು ಬಲಗೈ ಚಾಚಿದರು. ಮಾತ್ರೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

ಸಂತೋಷ ತಡೆಯದೆ ಗುರುಶಾಂತಮ್ಮ ಅದೇ ದಿನ ತಮ್ಮನಿಗೆ ಫೋನ್ ಮಾಡಿದರು. ನವಣೆ ಇನ್ನೊಂದು ಇಪ್ಪತ್ತು ಕೆ.ಜಿ. ಕಳಿಸೆಂದು ಹೇಳಿ, ನಿಮ್ಮ ಭಾವನಿಗೂ ನನ್ನ ಮಾತ್ರೆ ಶುರುಮಾಡಿದೆ, ಪ್ರಸಾದದ ಜೊತೆ ಕೊಟ್ಟರೆ ಮಗುವಿನ ಥರ ನುಂಗುತ್ತಾರೆ ಎಂದರು. ಆ ಕಡೆ ಗಿರಣಿಯ ಸದ್ದು ನಿಂತಿತು. ತಿಪ್ಪೇಶ ಯಂತ್ರದ ಬೆಲ್ಟು ಬಿಚ್ಚಿರಬೇಕು.

"ಡಾಕ್ಟ್ರನ್ನ ಕೇಳಿ ಕೊಡಕ್ಕ," ಎಂದ.

"ಕೇಳೋದೇನೈತೋ, ಸತ್ತುವ ಮಾತ್ರೆ."

"ಆದ್ರೂ ಒಂದ್ಮಾತು ಕೇಳು."

"ಸರಿ ಬುಡು, ಮುಂದ್ಲ ಸಾರಿ ಹೋದಾಗ ಕೇಳ್ತೀನಿ."

ತಿಪ್ಪೇಶ ಆ ಸಂಜೆ ಭಾವನಿಗೆ ಎರಡು ಸಲ ಫೋನ್ ಮಾಡಿದ. ಮೊದಲ ಸಲ ಅವರು ಎತ್ತಲಿಲ್ಲ. ಎರಡನೇ ಸಲ ಎತ್ತಿ, ಹೂಂ ನಂಗೊತ್ತು, ಒಂದು ಮಾತ್ರೆಯಿಂದ ಏನೂ ಆಗಲ್ಲ, ದಿನ ಇಡೋದು ನೋಡು ಎಂದು ಇಟ್ಟರು.

ಮೂರನೇ ವಾರಕ್ಕೆ ಶಿವಯೋಗಪ್ಪನವರಿಗೆ ಹೊಟ್ಟೆ ಕಟ್ಟಿತು. ಈ ಸಲ ಶ್ರೀರಾಮುಲುವಿನ ಅಂಗಡಿಗೆ ಹೋದವನು ಅಮರೇಶ. ಸುಣ್ಣದ ತಿಳಿಯಂಥ ಬಿಳಿ ಸಿರಪ್ ತಂದ. ಮಲಗುವಾಗ ಮೂರು ಚಮಚ. ಬಾಟಲಿಯ ಮೇಲೆ ಚಿಕ್ಕ ಅಕ್ಷರದಲ್ಲಿ ಅದೇ ಮೆಗ್ನೀಷಿಯಂ ಹೆಸರಿತ್ತು. ಆ ಅಕ್ಷರವನ್ನು ಯಾರೂ ಓದಲಿಲ್ಲ. ಬೆಳಿಗ್ಗೆ ಪ್ರಸಾದದಲ್ಲಿ ಒಂದು, ರಾತ್ರಿ ಚಮಚದಲ್ಲಿ ಮೂರು. ಅವರ ಕಿಡ್ನಿಗೆ ಅದನ್ನು ಹೊರಗೆ ಹಾಕುವ ಶಕ್ತಿ ಇರಲಿಲ್ಲ.

ಅವರು ನಿದ್ದೆ ಮಾಡತೊಡಗಿದರು. ಮೊದಲು ಮಧ್ಯಾಹ್ನ, ಆಮೇಲೆ ಬೆಳಿಗ್ಗೆ ಪೇಪರಿನ ಮೇಲೇ. ಗುರುಶಾಂತಮ್ಮ ಮುನಿಯಕ್ಕನಿಗೆ ಪಾತ್ರೆ ಮೆಲ್ಲಗಿಡು, ಎಷ್ಟು ವರ್ಷಕ್ಕೆ ಮಲಗಿದ್ದಾರೆ ಎನ್ನುತ್ತಿದ್ದರು. ಹೊಟ್ಟೆ ಸಡಿಲಾಗಲಿಲ್ಲವೆಂದು ಅಮರೇಶ ಮೂರು ಚಮಚವನ್ನು ಐದು ಮಾಡಿದ. ನಡೆಯುವಾಗ ಅವರ ಕಾಲು ನೆಲಕ್ಕೆ ಉಜ್ಜುತ್ತಿತ್ತು. ಮಾತು ನಾಲಿಗೆಯಲ್ಲೇ ದಪ್ಪಗಾಗಿ ನಿಲ್ಲುತ್ತಿತ್ತು.

"ಮಾವನ ಮಾತು ಯಾಕೋ ತೊದಲ್ತೈತೆ," ಎಂದಳು ಸ್ನೇಹಲತಾ ಒಂದು ದಿನ, ಮುದ್ದೆ ತಿರುವುತ್ತಾ.

"ನಿದ್ದೆಗಣ್ಣು ಕಣಮ್ಮ."

"ಮೂರು ದಿನದಿಂದಲೂ ನಿದ್ದೆಗಣ್ಣಾ ಅತ್ತೆ? ಡಾಕ್ಟ್ರ ಹತ್ರ ಹೋಗಿ ಬರೋಣ."

ಸೋಮವಾರ ಬೀಗರು ಬರುವವರಿದ್ದರು. ಮಂಗಳವಾರ ಹೋಗೋಣ ಎಂದು ಮಾತಾಯಿತು.

ಸೋಮವಾರ ಬೆಳಿಗ್ಗೆ ಗುರುಶಾಂತಮ್ಮ ಪೂಜೆ ಮುಗಿಸಿ ಗಂಟೆ ಆಡಿಸಿ ತಟ್ಟೆ ತಂದರು. ಶಿವಯೋಗಪ್ಪನವರು ಗೋಡೆಗೊರಗಿ ಕೂತಿದ್ದರು. ಹಣೆಯ ವಿಭೂತಿ ಸೊಟ್ಟಗಿತ್ತು. ಗಂಟೆಯ ಸದ್ದಿಗೆ ಕೈ ಚಾಚಿದರು, ಮಾತ್ರೆ ಅಂಗೈಯಲ್ಲಿ ಬಿತ್ತು. ಆ ಕೈ ಬಾಯಿಯವರೆಗೆ ಏರಲಿಲ್ಲ. ಮಾತ್ರೆ ಉರುಳಿ ಚಾಪೆಯ ಕೆಳಗೆ ಹೋಯಿತು. ಗುರುಶಾಂತಮ್ಮ ಬಗ್ಗಿ ಅದನ್ನು ಹುಡುಕಿ ತೆಗೆದು ತಲೆ ಎತ್ತುವಷ್ಟರಲ್ಲಿ ಅವರು ಪಕ್ಕಕ್ಕೆ ವಾಲಿದ್ದರು. ಉಸಿರು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಅನಂತಪುರದ ಆಸ್ಪತ್ರೆಗೆ ಸಾಗಿಸುವಾಗ ಹಾದಿಯಲ್ಲಿ ಎದೆ ಬಡಿತ ನಿಂತಿತ್ತು. ಆಂಬುಲೆನ್ಸಿನವರು ಎದೆ ಒತ್ತಿ ಒತ್ತಿ ಮತ್ತೆ ಬರುವಂತೆ ಮಾಡಿದ್ದರು. ಎಷ್ಟು ಹೊತ್ತು ನಿಂತಿತ್ತೆಂದು ಯಾರೂ ಸರಿಯಾಗಿ ಹೇಳಲಿಲ್ಲ. ರಕ್ತದಲ್ಲಿ ಮೆಗ್ನೀಷಿಯಂ ಇರಬೇಕಾದ್ದಕ್ಕಿಂತ ಐದು ಪಟ್ಟು ಇದೆ, ಕೂಡಲೇ ಡಯಾಲಿಸಿಸ್ ಆಗಬೇಕು ಎಂದರು ಅಲ್ಲಿಯ ಡಾಕ್ಟರು. ಕಿಡ್ನಿ ಹೋಗಿದೆಯೆಂದು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದರು. ಗೊತ್ತಿಲ್ಲ ಎಂದ ಅಮರೇಶ. ಏನೇನು ಮಾತ್ರೆ ಕೊಡುತ್ತಿದ್ದಿರಿ ಎಂದಾಗ ಗುರುಶಾಂತಮ್ಮ ಸೆರಗಿನ ಗಂಟು ಬಿಚ್ಚಿದರು. ಚಾಪೆಯ ಕೆಳಗಿನಿಂದ ತೆಗೆದ ಮಾತ್ರೆ ಇನ್ನೂ ಅಲ್ಲೇ ಇತ್ತು. ಸಿರಪ್ಪಿನ ಬಾಟಲಿಯನ್ನು ಚೀಲದಿಂದ ತೆಗೆದವಳು ಸ್ನೇಹಲತಾ. ಡಾಕ್ಟರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಬಾಟಲಿಯ ಚಿಕ್ಕ ಅಕ್ಷರಕ್ಕೆ ಬೆರಳಿಟ್ಟು ತೋರಿಸಿದರು.

ಸಂಜೆ ನಾಲ್ಕಕ್ಕೆ ತಿಪ್ಪೇಶ ಬಂದ. ಹಿಟ್ಟು ಮೆತ್ತಿದ ಅಂಗಿಯಲ್ಲೇ ಬಂದಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಕವರಿತ್ತು. ಅದನ್ನು ಅಕ್ಕನ ಕೈಗೆ ಕೊಡದೆ ಶಿವಲೀಲಾಳ ಕೈಗೆ ಕೊಟ್ಟ. ಅವಳು ಒಳಗಿನ ಕಾಗದ ಬಿಡಿಸಿ ತಾರೀಖು ಓದಿದಳು, ಹೆಸರು ಓದಿದಳು, ಡಾಕ್ಟರು ಕೆಳಗೆ ಗೀಟು ಎಳೆದಿದ್ದ ಸಾಲನ್ನೂ ಓದಿದಳು. ಓದಿ ಮುಗಿದ ಮೇಲೂ ಕಾಗದವನ್ನು ಮುಖದ ಮುಂದಿನಿಂದ ಇಳಿಸಲಿಲ್ಲ.

"ನಾನು ಫೋನ್ ಮಾಡಿದ ದಿನ ನಿಂಗೆ ಗೊತ್ತಿತ್ತಾ?" ಎಂದು ಕೇಳಿದರು ಗುರುಶಾಂತಮ್ಮ.

"ಲಿಂಗ ಮುಟ್ಟಿಸ್ಬುಟ್ಟಿದ್ರಕ್ಕ."

"ನಾನೂ ಲಿಂಗದ ಮುಂದೇನೇ ಇಟ್ಟು ಕೊಟ್ಟೆ ಕಣೋ."

ತಿಪ್ಪೇಶ ಕಾರಿಡಾರಿನ ಬೆಂಚಿನ ಕೊನೆಯಲ್ಲಿ ಕೂತ. ಅಮರೇಶ ಅವನ ಅಂಗಿ ಹಿಡಿದು ಎಬ್ಬಿಸಲು ಹೋದ. ಸ್ನೇಹಲತಾ ಗಂಡನ ಮಣಿಕಟ್ಟು ಹಿಡಿದು, ಮೂರು ಚಮಚವನ್ನು ಐದು ಮಾಡಿದ್ದು ಯಾರು ಎಂದಳು. ಅವನು ಅಂಗಿ ಬಿಟ್ಟ. ಆಮೇಲೆ ಅವಳೇ ಗೋಡೆಗೆ ತಿರುಗಿ, ಸ್ಟ್ರಿಪ್ ತಂದವಳು ನಾನು ಎಂದು ಅತ್ತಳು.

ಮೂರನೇ ದಿನ ಹುಡುಗನ ತಾಯಿ ನೋಡಲು ಬಂದರು. ಶಿವಲೀಲಾಳ ಪಕ್ಕದಲ್ಲೇ ಕೂತು ಅವಳ ಬೆನ್ನಿನ ಮೇಲೆ ಕೈಯಿಟ್ಟರು. ಕಾಯಿಲೆಯ ವಿಷಯವೆಲ್ಲ ಕೇಳಿ, "ನಮ್ಮ್ ಯಜಮಾನ್ರಿಗೂ ಕಿಡ್ನಿ ತೊಂದ್ರೆ ಐತಲ್ಲಮ್ಮ, ಎರಡು ವರ್ಷದಿಂದ ಪಥ್ಯದಲ್ಲೇ ಅವ್ರೆ. ತಿಪ್ಪೇಶಣ್ಣ ಹೇಳಿರ್ಬೋದು ಅಂದ್ಕೊಂಡಿದ್ವಿ. ಇದನ್ನ ಯಾರು ಮುಚ್ಚಿಡ್ತಾರೆ?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬೆಂಚಿನ ಕೊನೆಯಲ್ಲಿದ್ದ ತಿಪ್ಪೇಶ ಎದ್ದು ಹೊರಗೆ ಹೋದ.

ಹತ್ತೊಂಬತ್ತು ದಿನದ ಮೇಲೆ ಶಿವಯೋಗಪ್ಪನವರನ್ನು ಮನೆಗೆ ಕರೆತಂದರು. ರಕ್ತ ಶುದ್ಧವಾಗಿತ್ತು. ಮೆದುಳಿಗೆ ಹೋದ ಪೆಟ್ಟು ಹಾಗೇ ಇತ್ತು. ಮಾತಿಲ್ಲ, ಯಾರ ಗುರುತೂ ಇಲ್ಲ. ತುತ್ತಿಟ್ಟರೆ ನುಂಗುತ್ತಿದ್ದರು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮದುವೆಯ ದಿನ ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆಂದು ಯಾರೂ ಕೇಳಲಿಲ್ಲ. ಶಿವಲೀಲಾ ಆಸ್ಪತ್ರೆಯ ಊಟದ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಗುರುಶಾಂತಮ್ಮ ಇಷ್ಟು ದಿನ ಪೂಜೆಯನ್ನು ಒಳಕೋಣೆಯಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದರು. ಒಂದು ಬೆಳಿಗ್ಗೆ ಅಭ್ಯಾಸದಿಂದ ಗಂಟೆ ಆಡಿಸಿಬಿಟ್ಟರು. ಪಡಸಾಲೆಯ ಮಂಚದ ಮೇಲೆ ಶಿವಯೋಗಪ್ಪನವರ ಬಲಗೈ ಹೊದಿಕೆಯಿಂದ ಹೊರಗೆ ಬಂತು. ಅಂಗೈ ಮೇಲಾಯಿತು. ಕಣ್ಣು ಸೂರಿನ ಕಡೆಗೇ ಇತ್ತು.

ಆಕೆ ತಟ್ಟೆ ಹಿಡಿದು ಮಂಚದ ಹತ್ತಿರ ಬಂದು ನಿಂತರು.

"ಶಿವಲೀಲಾ, ಪಟ್ಟಿ ನೋಡಿ ಹೇಳು. ದ್ರಾಕ್ಷಿ ಕೊಡ್ಬೌದಾ?"

"ಬ್ಯಾಡ ಅಂತ ಐತಜ್ಜಿ."

"ಕೊಬ್ಬರಿ?"

"ಬ್ಯಾಡ."

"ಬಾಳೆಹಣ್ಣಿನ ಒಂದು ಚೂರು?"

ಶಿವಲೀಲಾ ತಲೆಯಾಡಿಸಿದಳು. ಅವಳಿಗೆ ಕಾಗದದ ಮೇಲಿನ ಸಾಲು ಮಸುಕಾಗಿತ್ತು. ಬೆರಳಿಟ್ಟು ಕೆಳಗೆ ಇಳಿಸುತ್ತಾ ಹೋದಳು. ಕೊನೆಗೆ ಒಂದು ಕಡೆ ಬೆರಳು ನಿಂತಿತು.

"ಬಿಳೀ ಅನ್ನ ಕೊಡ್ಬೌದು," ಎಂದಳು.

ಮನೆಯಲ್ಲಿ ಬಿಳಿ ಅಕ್ಕಿ ಇರಲಿಲ್ಲ. ಗುರುಶಾಂತಮ್ಮ ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುತ್ತಿದ್ದ ಮುನಿಯಕ್ಕನ ಮುಂದೆ ನಿಂತು, ನಾನು ಕೊಟ್ಟ ಅಕ್ಕಿಯಲ್ಲಿ ಒಂದು ಪಾವು ಉಳಿದಿದ್ದರೆ ಕೊಡು ಎಂದು ಕೇಳಿದರು. ಮುನಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಓಡಿದಳು. ಸ್ನೇಹಲತಾ ಕ್ಯಾನ್ ನೀರಿನಲ್ಲಿ ಎಸರಿಟ್ಟಳು. ಅಷ್ಟು ಹೊತ್ತೂ ಆ ಕೈ ಹಾಗೇ ತೆರೆದುಕೊಂಡಿತ್ತು.

ಅನ್ನ ಆರಿದ ಮೇಲೆ ಗುರುಶಾಂತಮ್ಮ ನಾಲ್ಕು ಅಗುಳನ್ನು ತಟ್ಟೆಗಿಟ್ಟು ತಂದರು. ಲಿಂಗದ ಮುಂದೆ ಇಡಲಿಲ್ಲ. ಅಂಗೈಗೆ ಹಾಕುವ ಮುಂಚೆ ಇನ್ನೊಮ್ಮೆ ಕೇಳಿದರು.

"ಸರಿಯಾಗಿ ಓದಿದ್ಯಾ?"

"ಓದಿದೆ ಅಜ್ಜಿ."

ಅಗುಳು ಅಂಗೈಗೆ ಬಿದ್ದವು. ಬೆರಳುಗಳು ಒಂದೊಂದಾಗಿ ಮಡಿಚಿಕೊಂಡವು. ಗುರುಶಾಂತಮ್ಮ ಕಾದರು. ಮುಷ್ಟಿ ಬಾಯಿಯ ಕಡೆಗೆ ಹೋಗಲಿಲ್ಲ, ಬಿಚ್ಚಲೂ ಇಲ್ಲ. ಬೆರಳ ಸಂದಿನಿಂದ ನುಜ್ಜಾದ ಒಂದು ಅಗುಳು ಹೊದಿಕೆಯ ಮೇಲೆ ಬಿತ್ತು. ಆಕೆ ಅದನ್ನು ಹೆಕ್ಕಿ ತಾವೇ ತಿಂದರು.